ಬೇರಿಗೂ ಉಸಿರು ಬೇಕು

ಕುಂಡದ ಗಿಡ ಎಲೆ ಜೋಲುಬಿಟ್ಟುಕೊಂಡು ನಿಂತಿದೆ. ಕಂಡ ಕೂಡಲೇ ಕೈ ನೀರಿನ ಚೊಂಬಿನತ್ತ ಹೋಗುತ್ತದೆ. ಆದರೆ ಮಣ್ಣಿಗೆ ಬೆರಳಿಟ್ಟರೆ ಮಣ್ಣು ಒದ್ದೆಯಾಗಿಯೇ ಇದೆ, ಬೆರಳಿಗೆ ಕೆಸರು ಮೆತ್ತಿಕೊಳ್ಳುತ್ತದೆ. ಒದ್ದೆ ಮಣ್ಣಿನಲ್ಲಿ ನಿಂತ ಗಿಡ ಬಾಡುವುದಾದರೂ ಹೇಗೆ? ಇದಕ್ಕೆ ಉತ್ತರ ತಿಳಿದರೆ ಗಿಡ ಸಾಕುವ ವಿದ್ಯೆಯಲ್ಲಿ ಅರ್ಧ ಕಲಿತಂತೆ. ಕುಂಡದ ಗಿಡಗಳು ಹೆಚ್ಚಾಗಿ ಸಾಯುವುದು ನೀರಿಲ್ಲದೆ ಅಲ್ಲ, ಬೇರಿಗೆ ಗಾಳಿಯಿಲ್ಲದೆ.

ಬೇರು ನೀರು ಹೀರುವ ಬರೀ ಕೊಳವೆಯಲ್ಲ, ದುಡಿಯುವ ಜೀವಂತ ಅಂಗ. ಮಣ್ಣಿನ ನೀರಿನಲ್ಲಿ ತೀರಾ ತೆಳುವಾಗಿ ಕರಗಿರುವ ಲವಣಗಳನ್ನು ಅದು ಎಳೆದು ತನ್ನೊಳಗೆ ಕೂಡಿಡಬೇಕು, ದಿನವೂ ತುದಿಯಲ್ಲಿ ಹೊಸ ಜೀವಕೋಶ ಕಟ್ಟಬೇಕು. ಇದಕ್ಕೆಲ್ಲ ಶಕ್ತಿ ಬೇಕು. ಎಲೆಯಿಂದ ಇಳಿದು ಬಂದ ಸಕ್ಕರೆಯನ್ನು ಆಮ್ಲಜನಕದೊಂದಿಗೆ ಉರಿಸಿದಾಗಷ್ಟೇ ಆ ಶಕ್ತಿ ಸಿಗುತ್ತದೆ. ಕತ್ತಲಲ್ಲಿ ಹೂತಿರುವ ಬೇರಿಗೆ ಆಮ್ಲಜನಕವನ್ನು ತಾನೇ ತಯಾರಿಸಿಕೊಳ್ಳಲು ಬರುವುದಿಲ್ಲ; ಮಣ್ಣಿನ ಕಣಗಳ ನಡುವಿನ ಸಂದಿಗಳಲ್ಲಿರುವ ಗಾಳಿಯೇ ಅದಕ್ಕೆ ಗತಿ. ಆ ಸಂದಿಗಳಲ್ಲೆಲ್ಲ ನೀರು ನಿಂತರೆ ಗಾಳಿಯ ದಾರಿ ಮುಚ್ಚಿತು. ಆಮ್ಲಜನಕ ಗಾಳಿಯಲ್ಲಿ ಹರಡುವುದಕ್ಕಿಂತ ಸುಮಾರು 10,000 ಪಟ್ಟು ನಿಧಾನವಾಗಿ ನೀರಿನಲ್ಲಿ ಹರಡುತ್ತದೆ. ಉಸಿರುಗಟ್ಟಿದ ಬೇರು ನೀರನ್ನು ಒಳಬಿಡುವ ತನ್ನ ಸೂಕ್ಷ್ಮ ಬಾಗಿಲುಗಳನ್ನೂ ಮುಚ್ಚಿಕೊಳ್ಳುತ್ತದೆ. ಸುತ್ತ ನೀರಿದ್ದೂ ಎಲೆಗೆ ಏರುವುದಿಲ್ಲ. ಗಿಡ ಬಾಡುತ್ತದೆ, ನಾವು ಇನ್ನಷ್ಟು ನೀರು ಹಾಕುತ್ತೇವೆ, ಇದ್ದಬದ್ದ ಗಾಳಿಯೂ ಹೋಗುತ್ತದೆ. ಎರಡು ಮೂರು ದಿನ ಹೀಗೇ ಆದರೆ, ಗಾಳಿಯಿಲ್ಲದ ಕೆಸರನ್ನೇ ಇಷ್ಟಪಡುವ ಕೊಳೆಜೀವಿಗಳು ಸತ್ತ ಬೇರಿಗೆ ಮುತ್ತಿಕೊಳ್ಳುತ್ತವೆ.

ಬಾಡಿದ ಎಲೆ ಎರಡು ತದ್ವಿರುದ್ಧ ಕಾರಣಗಳಿಗೆ ಒಂದೇ ಮುಖ ತೋರಿಸುತ್ತದೆ ಎಂಬುದೇ ಇಲ್ಲಿನ ತೊಡಕು. ಮಧ್ಯಾಹ್ನದ ಬಿಸಿಲಲ್ಲಿ ಆರೋಗ್ಯವಂತ ಗಿಡವೂ ಜೋಲುತ್ತದೆ, ಎಲೆ ಕಳೆಯುವಷ್ಟು ವೇಗದಲ್ಲಿ ಬೇರು ನೀರು ಪೂರೈಸಲಾರದು, ಅಷ್ಟೇ. ಸಂಜೆಗೆ ಅದು ತಾನಾಗಿಯೇ ಏಳುತ್ತದೆ. ಆದ್ದರಿಂದ ಬಾಡಿದ್ದನ್ನು ಬೆಳಗಿನ ತಂಪಿನಲ್ಲಿ ನೋಡಿ ತೀರ್ಮಾನಿಸಬೇಕು. ಬೆಳಗ್ಗೆಯೂ ಜೋಲಿಕೊಂಡಿದ್ದು ಮಣ್ಣು ಒಣಗಿದ್ದರೆ ನೀರಿನ ಕೊರತೆ. ಬೆಳಗ್ಗೆಯೂ ಜೋಲಿಕೊಂಡಿದ್ದು ಮಣ್ಣು ಒದ್ದೆಯಾಗಿದ್ದರೆ ತೊಂದರೆ ಇರುವುದು ಬೇರಿನಲ್ಲಿ.

ಗಿಡದ ಮೈ ಎಲ್ಲಿಂದ ಬಂತು?

ಗಿಡ ಮಣ್ಣನ್ನು ತಿಂದು ಬೆಳೆಯುತ್ತದೆ ಎಂಬ ನಂಬಿಕೆ ಬಹಳ ಹಳೆಯದು. 17ನೆಯ ಶತಮಾನದಲ್ಲಿ ಇಂದಿನ ಬೆಲ್ಜಿಯಂನ ವೈದ್ಯ ಯಾನ್ ಬ್ಯಾಪ್ಟಿಸ್ಟ್ ವಾನ್ ಹೆಲ್ಮಾಂಟ್ ಇದನ್ನು ತೂಕ ಹಾಕಿಯೇ ನೋಡಿದ. 200 ಪೌಂಡ್ ಒಣಮಣ್ಣಿರುವ ತೊಟ್ಟಿಯಲ್ಲಿ 5 ಪೌಂಡ್ ತೂಕದ ವಿಲ್ಲೋ ಸಸಿ ನೆಟ್ಟು, ಐದು ವರ್ಷ ಬರೀ ನೀರು ಹಾಕಿದ. ಕೊನೆಗೆ ಮರ 169 ಪೌಂಡ್ ತೂಗಿತು. ಮಣ್ಣನ್ನು ಮತ್ತೆ ಒಣಗಿಸಿ ತೂಗಿದರೆ ಕಡಿಮೆಯಾಗಿದ್ದದ್ದು ಸುಮಾರು 2 ಔನ್ಸ್, ಅಂದರೆ 60 ಗ್ರಾಂನ ಆಸುಪಾಸು. ಮರವೆಲ್ಲ ನೀರಿನಿಂದಲೇ ಆಯಿತೆಂದು ಅವನು ತೀರ್ಮಾನಿಸಿದ. ಅವನ ಬರಹ ಅಚ್ಚಾದದ್ದು ಅವನು ತೀರಿಕೊಂಡ ಮೇಲೆ, 1648ರಲ್ಲಿ. ಅವನಿಗೆ ಹೊಳೆಯದೆ ಹೋದದ್ದು ಗಾಳಿ. ಗಿಡವನ್ನು ಪೂರ್ತಿ ಒಣಗಿಸಿದಾಗ ಉಳಿಯುವ ತೂಕದಲ್ಲಿ ಶೇ 45ರ ಹತ್ತಿರ ಇಂಗಾಲವೇ ಇರುತ್ತದೆ. ಆ ಇಂಗಾಲ ಬಂದದ್ದು ಗಾಳಿಯಲ್ಲಿ ಶೇ 0.04ರಷ್ಟು ಮಾತ್ರ ಇರುವ ಇಂಗಾಲದ ಡೈಆಕ್ಸೈಡಿನಿಂದ. ಮಣ್ಣು ಕೊಡುವುದು ಚಿಟಿಕೆಯಷ್ಟು. ಆದರೆ ಹೆಲ್ಮಾಂಟನ ಆ 2 ಔನ್ಸ್ ಇಲ್ಲದಿದ್ದರೆ ಮರವೇ ಇರುತ್ತಿರಲಿಲ್ಲ ಎಂಬುದೂ ಅಷ್ಟೇ ನಿಜ.

ಹೀಗಾಗಿ ಗೊಬ್ಬರವನ್ನು ಗಿಡದ ಆಹಾರ ಎಂದು ಕರೆಯುವುದು ದಾರಿ ತಪ್ಪಿಸುವ ಮಾತು. ಗಿಡ ತನ್ನ ಆಹಾರವನ್ನು ಬೆಳಕಿನಲ್ಲಿ ತಾನೇ ಬೇಯಿಸಿಕೊಳ್ಳುತ್ತದೆ. ಗೊಬ್ಬರ ಆ ಅಡುಗೆಗೆ ಹಾಕುವ ಉಪ್ಪಿನ ಹಾಗೆ. ಒಲೆಯೇ ಉರಿಯದಿದ್ದಾಗ ಉಪ್ಪು ಸುರಿದು ಫಲವಿಲ್ಲ.

ಬೆಳಕನ್ನು ಅಳೆಯುವುದರಲ್ಲಿ ನಮ್ಮ ಕಣ್ಣು ನಂಬಿಕಸ್ಥನಲ್ಲ. ಕತ್ತಲೆಗೆ ತಕ್ಕಂತೆ ಪಾಪೆ ಹಿಗ್ಗುತ್ತದೆ, ಕೋಣೆ ಬೆಳಕಾಗಿಯೇ ಕಾಣುತ್ತದೆ. ಬೆಳಕನ್ನು ಲಕ್ಸ್ ಎಂಬ ಮಾನದಲ್ಲಿ ಅಳೆದರೆ, ನಡುಹಗಲಿನ ನೇರ ಬಿಸಿಲು ಸುಮಾರು 1,00,000 ಲಕ್ಸ್. ಓದಲು ಸಲೀಸಾದ, ದೀಪ ಹಚ್ಚಿದ ಕೋಣೆ 300ರಿಂದ 500 ಲಕ್ಸ್. ನಮಗೆ ಹತ್ತಿಪ್ಪತ್ತು ಪಟ್ಟು ವ್ಯತ್ಯಾಸವೆನಿಸುವುದು ಗಿಡಕ್ಕೆ ಇನ್ನೂರರಿಂದ ಮುನ್ನೂರು ಪಟ್ಟು. ಯಂತ್ರವಿಲ್ಲದೆ ಅಂದಾಜು ಮಾಡಲು ಒಂದು ಉಪಾಯವಿದೆ. ಮಧ್ಯಾಹ್ನ, ಗಿಡವಿಡುವ ಜಾಗದಲ್ಲಿ ಬಿಳಿ ಕಾಗದ ಹಾಸಿ, ಅದರ ಮೇಲೆ ಒಂದಡಿ ಎತ್ತರದಲ್ಲಿ ಅಂಗೈ ಹಿಡಿಯಿರಿ. ಬೆರಳುಗಳ ಅಂಚು ಸ್ಪಷ್ಟವಾಗಿ ಕಾಣುವ ಕಡುನೆರಳು ಬಿದ್ದರೆ ಬೆಳಕು ಚೆನ್ನಾಗಿದೆ, ಹೂವು ಕಾಯಿ ಬಿಡುವ ಗಿಡಗಳೂ ಬದುಕಬಹುದು. ಅಂಗೈಯೆಂದು ಗುರುತು ಸಿಕ್ಕರೂ ಅಂಚು ಮಸುಕಾಗಿದ್ದರೆ ಮಧ್ಯಮ. ಏನೋ ಮಬ್ಬು ಬಿದ್ದಂತೆ ಕಂಡರೆ ಕಾಡಿನ ನೆಲದ ನೆರಳಿಗೆ ಒಗ್ಗಿದ ಕೆಲವೇ ಗಿಡಗಳು ಅಲ್ಲಿ ಉಳಿದಾವು; ಉಳಿದಾವು ಅಷ್ಟೇ, ಬೆಳೆಯಲಾರವು.

ಟೊಮೆಟೊ, ಮೆಣಸಿನಕಾಯಿ, ಗುಲಾಬಿಗೆ ದಿನಕ್ಕೆ ಕನಿಷ್ಠ 6 ಗಂಟೆ ನೇರ ಬಿಸಿಲು ಬೇಕು. ಸೊಪ್ಪಿನ ಗಿಡಗಳು 4 ಗಂಟೆಗೆ ತೃಪ್ತಿಪಡುತ್ತವೆ. ಬೆಳಕು ಸಾಲದಾದಾಗ ಗಿಡ ಅದನ್ನು ಸ್ಪಷ್ಟವಾಗಿಯೇ ಹೇಳುತ್ತದೆ: ಗೆಣ್ಣಿನಿಂದ ಗೆಣ್ಣಿಗೆ ಅಂತರ ಹೆಚ್ಚುತ್ತದೆ, ಕಾಂಡ ಸಣಕಲಾಗಿ ಕಿಟಕಿಯತ್ತ ವಾಲುತ್ತದೆ, ಹೊಸ ಎಲೆ ಹಳೆಯದಕ್ಕಿಂತ ಚಿಕ್ಕದಾಗುತ್ತದೆ. ಇದನ್ನು ಉದ್ದುದ್ದ ಬೆಳೆಯುತ್ತಿದೆ ಎಂದುಕೊಂಡು ಸಂತೋಷಪಡುವವರೇ ಹೆಚ್ಚು. ಅದು ಬೆಳವಣಿಗೆಯಲ್ಲ, ಹುಡುಕಾಟ. ಹಾಗೆಂದು ಮರುದಿನವೇ ಹೊತ್ತುಕೊಂಡು ಹೋಗಿ ಉರಿಬಿಸಿಲಲ್ಲಿ ಇಡಬೇಡಿ. ನೆರಳಲ್ಲಿ ಬಿಟ್ಟ ಎಲೆ ತೆಳ್ಳಗೆ ಅಗಲವಾಗಿರುತ್ತದೆ, ಬಿಸಿಲಿಗೆ ಬಿಳಚಿ ಸುಟ್ಟ ಮಚ್ಚೆಗಳಾಗುತ್ತವೆ. ಮೊದಲ ದಿನ ಬೆಳಗಿನ ಒಂದು ಗಂಟೆ, ಆಮೇಲೆ ದಿನಕ್ಕೊಂದು ಗಂಟೆ ಹೆಚ್ಚಿಸುತ್ತ 7ರಿಂದ 10 ದಿನದಲ್ಲಿ ಒಗ್ಗಿಸಬೇಕು.

ಕೆಲವು ಗಿಡಗಳು ಬೆಳಕನ್ನಷ್ಟೇ ಅಲ್ಲ, ಕತ್ತಲನ್ನೂ ಲೆಕ್ಕ ಹಾಕುತ್ತವೆ. ದಿನದ ಉದ್ದಕ್ಕೂ ಹೂ ಬಿಡುವುದಕ್ಕೂ ಇರುವ ನಂಟನ್ನು ಗಾರ್ನರ್ ಮತ್ತು ಅಲಾರ್ಡ್ ಎಂಬ ಇಬ್ಬರು ಅಮೆರಿಕನ್ ವಿಜ್ಞಾನಿಗಳು 1920ರಲ್ಲಿ ಪ್ರಕಟಿಸಿದರು. ನಿರ್ಣಾಯಕವಾದದ್ದು ರಾತ್ರಿಯ ಉದ್ದ ಎಂಬುದು ಆಮೇಲೆ ತಿಳಿಯಿತು. ಸೇವಂತಿಗೆಗೆ ಮುರಿಯದ ಉದ್ದ ರಾತ್ರಿ ಬೇಕು. ಬೀದಿದೀಪದ ಕೆಳಗಿಟ್ಟ ಸೇವಂತಿಗೆ ಸೊಂಪಾಗಿ ಬೆಳೆದೂ ಮೊಗ್ಗು ಬಿಡದಿದ್ದರೆ ಗೊಬ್ಬರವನ್ನು ದೂರಬೇಡಿ, ಕುಂಡವನ್ನು ಕತ್ತಲಿಗೆ ಸರಿಸಿ.

ಇನ್ನು ಬೆಳಕಿಗೂ ನೀರಿಗೂ ಇರುವ ಗಂಟು. ಇಂಗಾಲದ ಡೈಆಕ್ಸೈಡ್ ಒಳಬರಲು ಎಲೆ ತನ್ನ ಪತ್ರರಂಧ್ರಗಳನ್ನು ತೆರೆಯಬೇಕು. ತೆರೆದ ಬಾಗಿಲಲ್ಲಿ ಗಾಳಿ ಒಳಬಂದಂತೆ ನೀರಾವಿ ಹೊರಹೋಗುತ್ತದೆ. ಬೇರು ಹೀರಿದ ನೀರಿನಲ್ಲಿ ಶೇ 97ಕ್ಕಿಂತ ಹೆಚ್ಚು ಹೀಗೆ ಆವಿಯಾಗಿಯೇ ಹೋಗುವುದು. ಬೆಳಕು ಕಡಿಮೆಯಾದರೆ ಬಾಗಿಲು ಅರೆಮುಚ್ಚುತ್ತದೆ, ನೀರಿನ ಖರ್ಚೂ ಇಳಿಯುತ್ತದೆ. ಬಿಸಿಲಿನ ಗಿಡಕ್ಕೆ ದಿನಾ ಹಾಕುತ್ತಿದ್ದ ನೀರನ್ನೇ ಒಳಗೆ ತಂದಿಟ್ಟ ಮೇಲೂ ಹಾಕಿದರೆ ಅದು ಕುಡಿಯುವುದಿಲ್ಲ; ನೀರು ಮಣ್ಣಲ್ಲೇ ಉಳಿಯುತ್ತದೆ, ಬೇರು ಮುಳುಗುತ್ತದೆ. ಮೋಡ ಮುಸುಕಿದ ವಾರದಲ್ಲೂ ಇದೇ ಆಗುವುದು.

ಒಂದು ಸ್ಪಂಜಿನ ಪಾಠ

ಪಾತ್ರೆ ತೊಳೆಯುವ ಆಯತಾಕಾರದ ಸ್ಪಂಜನ್ನು ನೀರಲ್ಲಿ ಪೂರ್ತಿ ಮುಳುಗಿಸಿ ನೆನೆಸಿ. ಅಂಗೈಯ ಮೇಲೆ ಅಡ್ಡಡ್ಡ ಮಲಗಿಸಿ ಎತ್ತಿ ಹಿಡಿಯಿರಿ. ಸ್ವಲ್ಪ ಹೊತ್ತು ಸುರಿದು, ಹನಿಹನಿಯಾಗಿ, ನಿಲ್ಲುತ್ತದೆ. ಇಳಿಯಬೇಕಾದ ನೀರೆಲ್ಲ ಇಳಿಯಿತು ಅನಿಸುತ್ತದೆ. ಈಗ ಅದೇ ಸ್ಪಂಜನ್ನು ಹಿಂಡದೆ, ಉದ್ದನೆಯ ಅಂಚಿನ ಮೇಲೆ ನಿಲ್ಲಿಸಿ. ಮತ್ತೆ ನೀರು ಸುರಿಯುತ್ತದೆ! ನಿಂತ ಮೇಲೆ ಗಿಡ್ಡ ಅಂಚಿನ ಮೇಲೆ, ಪೂರ್ತಿ ನೆಟ್ಟಗೆ ನಿಲ್ಲಿಸಿ. ಮತ್ತಷ್ಟು ಸುರಿಯುತ್ತದೆ. ಸ್ಪಂಜು ಅದೇ, ರಂಧ್ರಗಳೂ ಅವೇ. ಬದಲಾದದ್ದು ಎತ್ತರ ಮಾತ್ರ.

ಕುಂಡದ ಮಣ್ಣಿನಲ್ಲಿ ನಡೆಯುವುದೂ ಇದೇ. ಸಣ್ಣ ಸಂದಿಗಳು ನೀರನ್ನು ಹಿಡಿದಿಟ್ಟುಕೊಳ್ಳುತ್ತವೆ, ಗುರುತ್ವ ಕೆಳಗೆಳೆಯುತ್ತದೆ; ಎರಡೂ ಸಮವಾದಲ್ಲಿ ನೀರು ನಿಲ್ಲುತ್ತದೆ. ಹಾಗಾಗಿ ಎಷ್ಟೇ ತೂತಿದ್ದರೂ ಕುಂಡದ ತಳದಲ್ಲಿ ಒಂದು ಪದರ ನೀರು ತುಂಬಿಕೊಂಡೇ ಇರುತ್ತದೆ. ಆ ಪದರದ ಎತ್ತರವನ್ನು ತೀರ್ಮಾನಿಸುವುದು ಮಣ್ಣಿನ ಕಣಗಳ ಗಾತ್ರ, ಕುಂಡದ ಎತ್ತರವಲ್ಲ. ಒಂದೇ ಮಣ್ಣು ತುಂಬಿದ 10 ಸೆಂಟಿಮೀಟರ್ ಕುಂಡದಲ್ಲೂ 30 ಸೆಂಟಿಮೀಟರ್ ಕುಂಡದಲ್ಲೂ ಕೆಸರಿನ ಪದರ ಅಷ್ಟೇ ದಪ್ಪ. ಚಿಕ್ಕ ಕುಂಡದಲ್ಲಿ ಅದು ಅರ್ಧ ಜಾಗ ತಿಂದರೆ, ಎತ್ತರದ ಕುಂಡದಲ್ಲಿ ಅದರ ಮೇಲೆ ಗಾಳಿಯಾಡುವ ಮಣ್ಣು ಬೇಕಾದಷ್ಟು ಉಳಿಯುತ್ತದೆ. ತಟ್ಟೆಯಂತಹ ಕುಂಡಗಳಲ್ಲಿ ಗಿಡ ಬೇಗ ಕೊಳೆಯುವುದರ ಗುಟ್ಟು ಇದು.

ಕುಂಡದ ತಳಕ್ಕೆ ಜಲ್ಲಿ ಅಥವಾ ಹೆಂಚಿನ ಚೂರು ಹರವಿದರೆ ನೀರು ಚೆನ್ನಾಗಿ ಬಸಿಯುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಈ ಸಲಹೆಯನ್ನು ಕೈಬಿಡಿ. ಸಣ್ಣ ಸಂದಿಗಳಿಂದ ದೊಡ್ಡ ಸಂದಿಗಳಿಗೆ ನೀರು ಸುಲಭಕ್ಕೆ ಇಳಿಯುವುದಿಲ್ಲ. ಜಲ್ಲಿಯ ಮೇಲಿರುವ ಮಣ್ಣು ಪೂರ್ತಿ ನೆನೆದು ತುಂಬುವವರೆಗೂ ನೀರು ಅಲ್ಲೇ ತಡೆದು ನಿಲ್ಲುತ್ತದೆ. ಅಂದರೆ ಕೆಸರಿನ ಪದರ ಹೋಗುವುದಿಲ್ಲ, ಜಲ್ಲಿಯ ದಪ್ಪದಷ್ಟು ಮೇಲೇರಿ ಬೇರಿಗೆ ಇನ್ನೂ ಹತ್ತಿರವಾಗುತ್ತದೆ. ತೂತಿನಿಂದ ಮಣ್ಣು ಸೋರದಿರಲು ಒಂದು ತುಂಡು ಜಾಲರಿ ಸಾಕು. ಬಸಿಯುವ ಗುಣ ಬರಬೇಕಾದದ್ದು ಇಡೀ ಮಿಶ್ರಣಕ್ಕೆ.

ಒಳ್ಳೆಯ ಮಿಶ್ರಣಕ್ಕೆ ಒಂದೇ ಸೂತ್ರವಿಲ್ಲ. ಹಣ್ಣು ತರಕಾರಿ ಹೂಗಿಡಗಳಿಗೆ ಅಳತೆಯಲ್ಲಿ ಒಂದು ಪಾಲು ತೋಟದ ಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ಗೊಬ್ಬರ, ಒಂದು ಪಾಲು ದಪ್ಪ ಕಣದ ವಸ್ತು, ಅಂದರೆ ಪರ್ಲೈಟ್ (ಕಾಯಿಸಿ ಅರಳಿಸಿದ ಹಗುರ ಬಿಳಿ ಕಲ್ಲಿನ ಹರಳು) ಅಥವಾ 2ರಿಂದ 4 ಮಿಲಿಮೀಟರಿನ ದಪ್ಪ ಮರಳು, ಹೀಗೆ ಶುರುಮಾಡಬಹುದು. ನುಣ್ಣನೆಯ ಮರಳು ಬೇಡವೇ ಬೇಡ. ಅದು ಜೇಡಿಯ ಸಂದಿಗಳಲ್ಲಿ ಕೂತು ಗಾರೆಯಂತೆ ಗಟ್ಟಿಯಾಗುತ್ತದೆ. ಕಳ್ಳಿಯ ಜಾತಿಯವಕ್ಕೆ ದಪ್ಪ ಕಣವನ್ನು ಎರಡು ಪಾಲು ಮಾಡಿ.

ಮಿಶ್ರಣ ಹೇಗಿದೆಯೆಂದು ಅಂದಾಜಿನಲ್ಲಿ ಬಿಡಬೇಕಾಗಿಲ್ಲ, ಅಳೆಯಬಹುದು. 1 ಲೀಟರಿನ ಡಬ್ಬಿಯ ತಳಕ್ಕೆ ನಾಲ್ಕೈದು ತೂತು ಕೊರೆದು ಹೊರಗಿನಿಂದ ಟೇಪು ಅಂಟಿಸಿ. ಮಿಶ್ರಣವನ್ನು ಕಂಠದವರೆಗೆ ತುಂಬಿ, ಕುಂಡಕ್ಕೆ ತುಂಬುವಾಗ ಒತ್ತುವಷ್ಟೇ ಒತ್ತಿ. ನೀರನ್ನು ನಿಧಾನವಾಗಿ ಹಾಕುತ್ತ ಹೋಗಿ, ಮೇಲ್ಮೈಯಲ್ಲಿ ನೀರು ಮಿನುಗಿ ಗುಳ್ಳೆ ನಿಂತ ಮೇಲೆ ಒಂದು ಗಂಟೆ ಬಿಡಿ; ಇಳಿದಿದ್ದರೆ ಇನ್ನಷ್ಟು ಹಾಕಿ. ಈಗ ಡಬ್ಬಿಯನ್ನು ಬೇಸಿನ್ನಿನ ಮೇಲೆ ಹಿಡಿದು ಟೇಪು ಕಿತ್ತು, ಬಸಿದ ನೀರನ್ನೆಲ್ಲ ಸಂಗ್ರಹಿಸಿ ಅಳೆಯಿರಿ. ಹೊರಬಂದ ನೀರಿನ ಜಾಗಕ್ಕೆ ಒಳಹೋದದ್ದು ಗಾಳಿ. 100ರಿಂದ 200 ಮಿಲಿಲೀಟರ್ ಬಂದರೆ ಶೇ 10ರಿಂದ 20ರಷ್ಟು ಗಾಳಿ, ಹೆಚ್ಚಿನ ಗಿಡಗಳಿಗೆ ಹಿತ. 50ಕ್ಕಿಂತ ಕಡಿಮೆ ಬಂದರೆ ಆ ಮಿಶ್ರಣದಲ್ಲಿ ಏನು ನೆಟ್ಟರೂ ಕಷ್ಟ, ದಪ್ಪ ಕಣ ಸೇರಿಸಿ ಮತ್ತೆ ಅಳೆಯಿರಿ. ಇಷ್ಟು ಸುಲಭದ ಪರೀಕ್ಷೆಯನ್ನು ಮಾಡುವವರು ಇಷ್ಟು ಕಡಿಮೆ ಏಕೆಂಬುದು ನನಗೆ ಅರ್ಥವಾಗದ ಸಂಗತಿ.

ನೆಲದಲ್ಲಿ ನೆಡುವವರಿಗೆ ಬೇರೆ ಪರೀಕ್ಷೆ. ಒಂದಡಿ ಆಳದ ಗುಂಡಿ ತೋಡಿ ನೀರು ತುಂಬಿ ಪೂರ್ತಿ ಇಂಗಲು ಬಿಡಿ. ಮತ್ತೆ ತುಂಬಿ, ಗಂಟೆಗೆ ಎಷ್ಟು ಇಳಿಯುತ್ತದೆಂದು ಕಡ್ಡಿಯಿಟ್ಟು ನೋಡಿ. 2ರಿಂದ 5 ಸೆಂಟಿಮೀಟರ್ ಇಳಿದರೆ ಚೆನ್ನ. 1 ಸೆಂಟಿಮೀಟರಿಗಿಂತ ಕಡಿಮೆಯಾದರೆ ಏರುಮಡಿ ಕಟ್ಟಿ ನೆಡಬೇಕು. ಗುಂಡಿಗೆ ಮಾತ್ರ ಮರಳು ಗೊಬ್ಬರ ತುಂಬಿದರೆ ಜೇಡಿಯ ನಡುವೆ ಬಾವಿ ತೋಡಿದಂತಾಗಿ ಸುತ್ತಲಿನ ನೀರೆಲ್ಲ ಅಲ್ಲಿ ಬಂದು ನಿಲ್ಲುತ್ತದೆ. ಒದ್ದೆ ಜೇಡಿಮಣ್ಣನ್ನು ಅಗೆಯುವುದು, ತುಳಿಯುವುದು ಇನ್ನೊಂದು ತಪ್ಪು. ಒಮ್ಮೆ ಮುಚ್ಚಿಹೋದ ಸಂದಿಗಳು ಬೇಗ ಬಿಡಿಸಿಕೊಳ್ಳುವುದಿಲ್ಲ. ಹದ ಬಂದಾಗ ಹರಗಬೇಕು, ಬೆದೆ ಬಂದಾಗ ಬಿತ್ತಬೇಕು ಎಂಬ ಗಾದೆಯಲ್ಲಿರುವ ಹದ ಇದೇ. ಒಂದು ಹಿಡಿ ಮಣ್ಣು ಹಿಡಿದು ಉಂಡೆ ಕಟ್ಟಿ ಹೆಬ್ಬೆರಳಲ್ಲಿ ಒತ್ತಿ. ಪುಡಿಪುಡಿಯಾಗಿ ಒಡೆದರೆ ಹದ ಬಂದಿದೆ. ಬರೀ ತಗ್ಗು ಬಿದ್ದು ಉಂಡೆ ಹಾಗೇ ಉಳಿದರೆ ಇನ್ನೆರಡು ದಿನ ಕಾಯಿರಿ.

ನೀರು ಹಾಕುವ ಬಗೆ

ದಿನಕ್ಕೊಂದು ಲೋಟ ಎಂಬ ಲೆಕ್ಕ ಯಾವ ಗಿಡಕ್ಕೂ ಸಲ್ಲದು. ಕುಂಡವನ್ನು ಎತ್ತಿ ನೋಡುವುದು ನನ್ನ ಪ್ರಕಾರ ಎಲ್ಲಕ್ಕಿಂತ ನಂಬಲರ್ಹ ವಿಧಾನ. ಚೆನ್ನಾಗಿ ನೀರು ಹಾಕಿ ಬಸಿದಾದ ಮೇಲೆ ಒಮ್ಮೆ ಎತ್ತಿ, ಆ ತೂಕವನ್ನು ಕೈಗೆ ನೆನಪಿಡಿಸಿ. ಅದಕ್ಕಿಂತ ಸಾಕಷ್ಟು ಹಗುರವಾಯಿತು ಅನಿಸಿದಾಗ ಮತ್ತೆ ನೀರು. ಎತ್ತಲಾಗದ ದೊಡ್ಡ ಕುಂಡವಾದರೆ ಎರಡು ಗೆಣ್ಣಿನವರೆಗೆ ಬೆರಳಿಳಿಸಿ. ಅಲ್ಲಿ ತಂಪು ಸಿಕ್ಕರೆ ಇವತ್ತು ಬೇಡ. ಮೇಲ್ಮಣ್ಣಿನ ಬಣ್ಣ ನೋಡಿ ತೀರ್ಮಾನಿಸುವವರು ಮೋಸ ಹೋಗುತ್ತಾರೆ, ಮೇಲೆ ಒಣಗಿ ಬಿರುಕು ಬಿಟ್ಟಿದ್ದರೂ ತಳ ಕೆಸರಾಗಿರಬಹುದು.

ಹಾಕುವಾಗ ಪೂರ್ತಿ ಹಾಕಬೇಕು, ಹಾಕಿದ್ದರಲ್ಲಿ ಶೇ 10ರಿಂದ 20ರಷ್ಟು ತೂತಿನಿಂದ ಹೊರಬರುವ ತನಕ. ಇದರಿಂದ ಎರಡು ಲಾಭ. ಗೊಬ್ಬರದಿಂದಲೂ ಗಡಸು ನೀರಿನಿಂದಲೂ ಸೇರಿಕೊಳ್ಳುವ ಲವಣ ತೊಳೆದುಹೋಗುತ್ತದೆ. ಇಳಿಯುವ ನೀರು ಹಳಸಿದ ಗಾಳಿಯನ್ನು ದೂಡಿ ತನ್ನ ಬೆನ್ನ ಹಿಂದೆ ಹೊಸ ಗಾಳಿಯನ್ನು ಎಳೆದುಕೊಂಡು ಹೋಗುತ್ತದೆ. ನೀರು ಹಾಕುವುದೆಂದರೆ ಗಾಳಿ ಬದಲಿಸುವುದೂ ಹೌದು! ಅರ್ಧ ಗಂಟೆಯ ನಂತರ ತಟ್ಟೆಯಲ್ಲಿ ನಿಂತ ನೀರನ್ನು ಚೆಲ್ಲಿಬಿಡಿ. ದಿನಾ ಚೂರು ಚೂರು ಚಿಮುಕಿಸುವುದರಿಂದ ಮೇಲಿನ ಒಂದಂಗುಲ ಮಾತ್ರ ತೇವವಾಗಿ ಬೇರುಗಳು ಅಲ್ಲೇ ಸುಳಿದಾಡುತ್ತವೆ, ಒಂದು ದಿನ ತಪ್ಪಿದರೂ ಗಿಡ ಕಂಗಾಲು.

ತೆಂಗಿನ ನಾರಿನ ಪುಡಿ ಹೆಚ್ಚಿರುವ ಮಿಶ್ರಣ ತೀರಾ ಒಣಗಿದರೆ ಕುಂಡದ ಗೋಡೆ ಬಿಟ್ಟು ಕುಗ್ಗುತ್ತದೆ. ಹಾಕಿದ ನೀರು ಆ ಸಂದಿಯಲ್ಲಿ ಸರ್ರನೆ ಇಳಿದು ಹೊರಬರುತ್ತದೆ, ಬೇರಿನ ಮುದ್ದೆ ಒಣಗಿಯೇ ಇರುತ್ತದೆ. ಅಂತಹ ಕುಂಡವನ್ನು ಬಕೆಟ್ಟಿನ ನೀರಲ್ಲಿ ಅರ್ಧಕ್ಕೆ ಮುಳುಗಿಸಿ, 20ರಿಂದ 30 ನಿಮಿಷ ಇಟ್ಟು, ತೆಗೆದು ಬಸಿಯಲು ಬಿಡಬೇಕು.

ನೆಲದ ಗಿಡಗಳ ಬುಡಕ್ಕೆ ಒಣಎಲೆ, ಹುಲ್ಲಿನ ಹೊದಿಕೆ 5ರಿಂದ 8 ಸೆಂಟಿಮೀಟರ್ ದಪ್ಪ ಹಾಕಿ, ಕಾಂಡಕ್ಕೆ ತಾಗದಂತೆ ನಾಲ್ಕು ಬೆರಳು ದೂರದಲ್ಲಿ. ತಾಗಿದರೆ ತೊಗಟೆ ಸದಾ ಒದ್ದೆಯಾಗಿ ಕೊಳೆಯುತ್ತದೆ.

ಬೇರಿನ ತುದಿ

ಒಂದು ಅವರೆ ಅಥವಾ ಹುರುಳಿಯ ಬೀಜವನ್ನು ಗಾಜಿನ ಲೋಟದ ಗೋಡೆಗೂ ಒದ್ದೆ ಕಾಗದಕ್ಕೂ ನಡುವೆ ಸಿಕ್ಕಿಸಿ, ಲೋಟದ ತಳದಲ್ಲಿ ಒಂದು ಬೆರಳು ನೀರಿಡಿ. ಎರಡು ಮೂರು ದಿನಕ್ಕೆ ಬಿಳಿಯ ಬೇರು ಇಣುಕುತ್ತದೆ. ಬೀಜವನ್ನು ಹೇಗೆ ತಿರುಗಿಸಿಟ್ಟಿದ್ದರೂ ಬೇರು ಬಾಗಿ ಕೆಳಮುಖವಾಗುತ್ತದೆ. ತುದಿಯಲ್ಲೇ ಇರುವ ಪುಟ್ಟ ಟೋಪಿಯೊಳಗೆ ಪಿಷ್ಟದ ಹರಳುಗಳಿದ್ದು, ಅವು ಯಾವ ಕಡೆ ಕುಸಿದು ಕೂರುತ್ತವೋ ಅದೇ ಕೆಳಗು ಎಂದು ಬೇರು ತಿಳಿಯುತ್ತದೆ. ಭೂತಗನ್ನಡಿ ಹಿಡಿದರೆ, ತುದಿಯಿಂದ ಕೆಲವು ಮಿಲಿಮೀಟರ್ ಬಿಟ್ಟು ಮೇಲೆ, ಪೀಚ್ ಹಣ್ಣಿನ ಸಿಪ್ಪೆಯ ಮೇಲಿರುವಂತಹ ಬಿಳಿಯ ನವಿರು ಕಾಣುತ್ತದೆ. ಒಂದೊಂದು ಎಳೆಯೂ ಒಂದೇ ಜೀವಕೋಶ ಉದ್ದಕ್ಕೆ ಚಾಚಿಕೊಂಡದ್ದು. ಇವೇ ಬೇರುರೋಮಗಳು. ನೀರು, ಲವಣಗಳ ಹೀರಿಕೆ ಬಹುಪಾಲು ಇಲ್ಲೇ. ಇವುಗಳ ಆಯುಸ್ಸು ಕೆಲವೇ ದಿನ. ಬೇರು ಮುಂದೆ ಹೋದಂತೆ ಹಿಂದಿನವು ಉದುರಿ ಹೊಸವು ಹುಟ್ಟುತ್ತವೆ. 1937ರಲ್ಲಿ ಹೊವಾರ್ಡ್ ಡಿಟ್ಮರ್ ಎಂಬ ವಿಜ್ಞಾನಿ ರೈ ಎಂಬ ಧಾನ್ಯದ, ನಾಲ್ಕು ತಿಂಗಳ ಒಂದೇ ಒಂದು ಗಿಡದ ಬೇರುಗಳನ್ನು ಅಳೆದು ಲೆಕ್ಕ ಹಾಕಿದಾಗ ಒಟ್ಟು ಉದ್ದ 600 ಕಿಲೋಮೀಟರ್ ದಾಟಿತ್ತು, ಬೇರುರೋಮಗಳು ಸುಮಾರು 1,400 ಕೋಟಿ.

ಸಸಿ ಕಿತ್ತು ನೆಟ್ಟಾಗ ಎರಡು ದಿನ ಸೊರಗುವುದು ಈ ರೋಮಗಳು ಹರಿದುಹೋಗುವುದರಿಂದ. ಕೀಳುವ ಒಂದು ಗಂಟೆ ಮೊದಲು ನೀರು ಹಾಕಿ, ಸಂಜೆ ಹೊತ್ತು ಕೀಳಿ, ಹಿಡಿಯುವಾಗ ಎಲೆಯನ್ನು ಹಿಡಿಯಿರಿ, ಕಾಂಡವನ್ನಲ್ಲ. ಹರಿದ ಎಲೆ ಮತ್ತೆ ಬರುತ್ತದೆ, ಜಜ್ಜಿದ ಕಾಂಡ ಬರುವುದಿಲ್ಲ. ಮೊದಲಿದ್ದ ಆಳಕ್ಕೇ ನೆಡಬೇಕು. ಟೊಮೆಟೊ ಇದಕ್ಕೆ ಹೊರತು, ಹೂತ ಕಾಂಡದಿಂದಲೂ ಬೇರು ಬಿಡುತ್ತದೆ, ಕೆಳಗಿನ ಎಲೆ ತೆಗೆದು ಆಳಕ್ಕೆ ನೆಡಬಹುದು. ಆಮೇಲೆ ಮೂರು ನಾಲ್ಕು ದಿನ ನೆರಳು. ಕುಂಡ ಬದಲಿಸುವಾಗ ಒಂದೆರಡು ಅಂಗುಲವಷ್ಟೇ ದೊಡ್ಡದು ಸಾಕು. ಚಿಕ್ಕ ಗಿಡಕ್ಕೆ ದೊಡ್ಡ ಕುಂಡ ಕೊಟ್ಟರೆ ಬೇರು ತಲುಪದ ಮಣ್ಣು ವಾರಗಟ್ಟಲೆ ಒದ್ದೆಯಾಗಿಯೇ ಉಳಿಯುತ್ತದೆ. ಬೇರು ಕುಂಡದ ಆಕಾರದಲ್ಲೇ ಸುರುಳಿ ಸುತ್ತಿದ್ದರೆ ಹಾಗೇ ನೆಡಬೇಡಿ, ಹೊರಬದಿಯನ್ನು ಚೂಪಾದ ಚಾಕುವಿನಿಂದ ಮೂರು ನಾಲ್ಕು ಕಡೆ ಉದ್ದಕ್ಕೆ ಗೀರಿ ಬಿಡಿಸಿ.

ಬೀಜಕ್ಕೂ ಬೇಕಾದದ್ದು ನೀರು, ಹಿತವಾದ ಬಿಸಿ ಮತ್ತು ಅದೇ ಗಾಳಿ. ಬೀಜದ ದಪ್ಪದ ಎರಡು ಮೂರು ಪಟ್ಟು ಆಳ ಸಾಕು. ಲೆಟ್ಯೂಸ್‌ನಂತಹ ಕೆಲವಕ್ಕೆ ಬೆಳಕು ಬೇಕಾದ್ದರಿಂದ ಮೇಲೆ ಉದುರಿಸಿ ಬರೀ ಒತ್ತಬೇಕು. ಮೊಳೆತ ಸಸಿಗಳು ನೆಲಮಟ್ಟದಲ್ಲಿ ಕಾಂಡ ತೆಳ್ಳಗಾಗಿ, ನೀರು ಹೀರಿದಂತಾಗಿ ಸಾಲುಸಾಲಾಗಿ ಮಲಗಿದರೆ ಅದು ಸಸಿ ಸಾಯುವ ರೋಗ. ಒತ್ತಾಗಿ ಬಿತ್ತಿದ, ಅತಿಯಾಗಿ ಒದ್ದೆಯಿರುವ, ಗಾಳಿಯಾಡದ ಮಡಿಗಳಲ್ಲಿ ಬರುತ್ತದೆ. ಬಿದ್ದ ಸಸಿಗೆ ಔಷಧವಿಲ್ಲ.

ಎಲ್ಲಿ ಬೆಳೆಯುತ್ತದೆ

ಮರದ ಕಾಂಡಕ್ಕೆ ಎದೆಮಟ್ಟದಲ್ಲಿ ಒಂದು ಮೊಳೆ ಹೊಡೆದು ಇಪ್ಪತ್ತು ವರ್ಷ ಬಿಟ್ಟು ಬಂದರೂ ಅದು ಎದೆಮಟ್ಟದಲ್ಲೇ ಇರುತ್ತದೆ. ಗಿಡ ಮಕ್ಕಳ ಹಾಗೆ ಮೈಪೂರ್ತಿ ಹಿಗ್ಗುವುದಿಲ್ಲ. ಉದ್ದವಾಗುವುದು ಕುಡಿಯಲ್ಲಿ ಮತ್ತು ಬೇರಿನ ತುದಿಯಲ್ಲಿ. ದಪ್ಪವಾಗುವುದು ತೊಗಟೆಯ ಕೆಳಗಿನ ತೆಳು ಪದರದಲ್ಲಿ. ಬಳ್ಳಿಗೆ ಕಟ್ಟಿದ ದಾರ ಬಿಗಿಯಾಗಿ ಆ ಪದರವನ್ನು ಸುತ್ತಲೂ ಕತ್ತರಿಸಿದರೆ ಎಲೆಯ ಸಕ್ಕರೆ ಬೇರಿಗೆ ಇಳಿಯದೆ ಗಿಡ ಸಾಯುತ್ತದೆ. ದಾರವನ್ನು ಎಂಟಂಕಿಯ ಆಕಾರದಲ್ಲಿ ಸಡಿಲವಾಗಿ ಕಟ್ಟಿ.

ಕುಡಿಯಲ್ಲಿ ತಯಾರಾಗಿ ಕೆಳಗಿಳಿಯುವ ಆಕ್ಸಿನ್ ಎಂಬ ಹಾರ್ಮೋನು ಕೆಳಗಿನ ಮೊಗ್ಗುಗಳನ್ನು ಮಲಗಿಸಿಟ್ಟಿರುತ್ತದೆ. ಕುಡಿ ಚಿವುಟಿದರೆ ಅವು ಏಳುತ್ತವೆ, ಗಿಡ ಪೊದೆಯಾಗುತ್ತದೆ. ಗೆಣ್ಣಿನಿಂದ ಅರ್ಧ ಸೆಂಟಿಮೀಟರ್ ಮೇಲೆ ಕತ್ತರಿಸಿ. ಹೊಸ ಕೊಂಬೆ ಆ ಗೆಣ್ಣಿನ ಮೊಗ್ಗು ಮುಖ ಮಾಡಿದ ದಿಕ್ಕಿಗೇ ಹೋಗುತ್ತದೆ, ಆದ್ದರಿಂದ ಹೊರಮುಖದ ಮೊಗ್ಗನ್ನು ಆರಿಸಿ.

ಗೊಬ್ಬರದ ಮಾತು

ಗಿಡಕ್ಕೆ ಬೇಕೇಬೇಕಾದ ಮೂಲವಸ್ತುಗಳು 17. ಮೂರು ಗಾಳಿ ನೀರಿನಿಂದ ಬರುತ್ತವೆ, ಉಳಿದ 14 ಬೇರಿನ ಮೂಲಕ. ಯಾವುದು ಅತಿ ಕಡಿಮೆಯಿದೆಯೋ ಅದೇ ಬೆಳವಣಿಗೆಯ ಮಿತಿಯನ್ನು ನಿರ್ಧರಿಸುತ್ತದೆ ಎಂದು ಮೊದಲು ಸ್ಪ್ರೆಂಗೆಲ್, ಆಮೇಲೆ ಲೀಬಿಗ್ ಎಂಬ ಜರ್ಮನ್ ವಿಜ್ಞಾನಿಗಳು 19ನೆಯ ಶತಮಾನದಲ್ಲೇ ಹೇಳಿದ್ದರು. ಹಲಗೆಗಳಿಂದ ಕಟ್ಟಿದ ಪೀಪಾಯಿಯಲ್ಲಿ ಗಿಡ್ಡ ಹಲಗೆಯವರೆಗೆ ಮಾತ್ರ ನೀರು ನಿಲ್ಲುವ ಹಾಗೆ. ಕುಂಡದಲ್ಲಿ ಆ ಗಿಡ್ಡ ಹಲಗೆ ಸಾಮಾನ್ಯವಾಗಿ ಬೆಳಕು ಇಲ್ಲವೇ ಬೇರಿನ ಗಾಳಿ. ಅದನ್ನು ಸರಿಪಡಿಸದೆ ಹಾಕಿದ ಗೊಬ್ಬರವೆಲ್ಲ ಉಪ್ಪಾಗಿ ಕೂರುತ್ತದೆ.

ಕೊರತೆಯನ್ನು ಓದಲು ಮೊದಲು ಕೇಳಬೇಕಾದ ಪ್ರಶ್ನೆ, ಹಳದಿ ಬಂದದ್ದು ಹಳೆಯ ಎಲೆಗೋ ಹೊಸ ಎಲೆಗೋ ಎಂಬುದು. ಸಾರಜನಕ, ಪೊಟ್ಯಾಷ್, ಮೆಗ್ನೀಸಿಯಂ ಸಾಲದಾದಾಗ ಗಿಡ ಹಳೆಯ ಎಲೆಯಿಂದ ಕಿತ್ತು ಹೊಸದಕ್ಕೆ ಕೊಡುತ್ತದೆ. ಕೆಳಗಿನ ಎಲೆ ಇಡಿಯಾಗಿ ಹಳದಿಯಾದರೆ ಸಾರಜನಕ. ನರ ಹಸಿರಾಗಿದ್ದು ನಡುವೆ ಹಳದಿಯಾದರೆ ಮೆಗ್ನೀಸಿಯಂ. ಅಂಚು ಸುಟ್ಟಂತಾದರೆ ಪೊಟ್ಯಾಷ್. ಕಬ್ಬಿಣ, ಕ್ಯಾಲ್ಸಿಯಂ ಹೀಗೆ ಓಡಾಡುವುದಿಲ್ಲ. ತುದಿಯ ಎಳೆ ಎಲೆ ನರ ಬಿಟ್ಟು ಹಳದಿಯಾದರೆ ಕಬ್ಬಿಣ, ಅದೂ ಬಹುತೇಕ ಮಣ್ಣಿನಲ್ಲಿ ಇದ್ದೂ ಸಿಗದ ಕಬ್ಬಿಣ. ಮಣ್ಣಿನ ರಸಸಾರ (pH, ಹುಳಿ-ಕ್ಷಾರದ ಅಳತೆ) 7.5 ದಾಟಿದರೆ ಅದು ಕರಗುವುದಿಲ್ಲ. 6ರಿಂದ 7ರ ನಡುವೆ ಎಲ್ಲ ಪೋಷಕಾಂಶಗಳೂ ಕೈಗೆಟಕುತ್ತವೆ. ಟೊಮೆಟೊ ಕಾಯಿಯ ತಳ ಕಪ್ಪಾಗಿ ಕುಸಿಯುವುದು ಕ್ಯಾಲ್ಸಿಯಂ ತಲುಪದೆ. ಕ್ಯಾಲ್ಸಿಯಂ ನೀರಿನ ಹರಿವಿನ ಜೊತೆಗಷ್ಟೇ ಚಲಿಸುವುದರಿಂದ, ಒಮ್ಮೆ ಬರ ಒಮ್ಮೆ ಪ್ರವಾಹದಂತೆ ನೀರು ಹಾಕುವುದೇ ಬಹುಪಾಲು ಕಾರಣ. ಮೊಟ್ಟೆಚಿಪ್ಪು ಹಾಕಿದರೆ ಆ ಬೆಳೆಗೆ ಉಪಯೋಗವಾಗದು, ಅದು ಕರಗಲು ಬಹಳ ಕಾಲ ಬೇಕು.

ಇಷ್ಟೆಲ್ಲ ಲಕ್ಷಣ ನೋಡುವ ಮೊದಲು ಬೇರು ನೋಡಿ. ಉಸಿರುಗಟ್ಟಿದ ಬೇರಿಗೆ ಯಾವ ಪೋಷಕಾಂಶವನ್ನೂ ಎಳೆಯಲಾಗದು, ಎಲೆ ಇವೆಲ್ಲ ಕೊರತೆಗಳನ್ನೂ ಒಟ್ಟಿಗೆ ತೋರಿಸುತ್ತದೆ.

ಸಾರಜನಕ, ರಂಜಕ, ಪೊಟ್ಯಾಷ್ ಸಮಪಾಲಿನಲ್ಲಿರುವ, ನೀರಲ್ಲಿ ಕರಗುವ 19:19:19 ಗೊಬ್ಬರವಾದರೆ ಲೀಟರಿಗೆ 1 ಗ್ರಾಂ, 15 ದಿನಕ್ಕೊಮ್ಮೆ, ಗಿಡ ಚಿಗುರುತ್ತಿರುವಾಗ ಮಾತ್ರ, ಮಣ್ಣು ತೇವವಿರುವಾಗ ಮಾತ್ರ. ಒಣಮಣ್ಣಿಗೆ ಹಾಕಿದರೆ ಹೊರಗಿನ ಲವಣ ಬೇರಿನ ನೀರನ್ನೇ ಹೊರಗೆಳೆದು ಎಲೆಯಂಚು ಸುಡುತ್ತದೆ. ಎರೆಗೊಬ್ಬರ 10 ಅಂಗುಲದ ಕುಂಡಕ್ಕೆ ಎರಡು ತಿಂಗಳಿಗೊಮ್ಮೆ ಎರಡು ಹಿಡಿ. ಹಸಿ ಸಗಣಿ, ಕಳಿಯದ ಮರದ ಹೊಟ್ಟು ಬೇಡ. ಅವನ್ನು ಕಳಿಸುವ ಸೂಕ್ಷ್ಮಜೀವಿಗಳು ಮಣ್ಣಿನ ಆಮ್ಲಜನಕ ಕಬಳಿಸುತ್ತವೆ, ಮರದ ಹೊಟ್ಟಾದರೆ ಸಾರಜನಕವನ್ನೂ. ಬಿಸಿಲಿಗಿಟ್ಟ ಕಪ್ಪು ಕುಂಡದಲ್ಲಿ ಮಣ್ಣು 40 ಡಿಗ್ರಿ ಸೆಲ್ಸಿಯಸ್ ದಾಟಬಹುದು. ಬೆಚ್ಚಗಿನ ಬೇರಿಗೆ ಹೆಚ್ಚು ಆಮ್ಲಜನಕ ಬೇಕು, ಬೆಚ್ಚಗಿನ ನೀರಿನಲ್ಲಿ ಕರಗುವುದು ಕಡಿಮೆ ಆಮ್ಲಜನಕ. ಒದ್ದೆ ಮಣ್ಣು ಮತ್ತು ಬಿಸಿ ಒಟ್ಟಾದಾಗ ಗಿಡ ಅಷ್ಟು ಬೇಗ ಹೋಗುವುದು ಇದಕ್ಕೇ.

ಮುಳುಗಿದ ಗಿಡವನ್ನು ಎತ್ತುವುದು

ಮೊದಲು ಹೇಳಿದ ಆ ಜೋಲುಬಿದ್ದ ಗಿಡಕ್ಕೆ ಬರೋಣ. ಕುಂಡವನ್ನು ಓರೆ ಮಾಡಿ ತಟ್ಟಿ ಬೇರಿನ ಮುದ್ದೆ ಹೊರತೆಗೆಯಿರಿ, ಮೂಸಿ ನೋಡಿ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಗಾಳಿ ಹೋಗಿ ಬಹಳ ದಿನವಾಗಿದೆ. ಮಣ್ಣನ್ನು ನೀರಿನಲ್ಲಿ ಮೆಲ್ಲಗೆ ತೊಳೆಯಿರಿ. ಬಿಳಿ ಅಥವಾ ತಿಳಿಕಂದು ಬಣ್ಣದ, ಬೆರಳಿಗೆ ಗಟ್ಟಿ ಸಿಗುವ ಬೇರು ಬದುಕಿದೆ. ಕಪ್ಪಾಗಿ ಲೋಳೆಯಾದದ್ದು, ಎರಡು ಬೆರಳಲ್ಲಿ ಹಿಡಿದು ಎಳೆದರೆ ಸಿಪ್ಪೆ ಜಾರಿ ಒಳಗಿನ ದಾರ ಮಾತ್ರ ಉಳಿಯುವುದು, ಸತ್ತಿದೆ. ಸ್ಪಿರಿಟ್ಟಿನಲ್ಲಿ ಒರೆಸಿದ ಕತ್ತರಿಯಿಂದ ಸತ್ತದ್ದನ್ನೆಲ್ಲ ತೆಗೆಯಿರಿ. ಬೇರಿನಲ್ಲಿ ಅರ್ಧ ಹೋಗಿದ್ದರೆ ಮೇಲಿನ ಎಲೆಗಳಲ್ಲೂ ಮೂರನೆಯ ಒಂದು ಪಾಲಾದರೂ ಸವರಿ, ಉಳಿದ ಬೇರು ಅಷ್ಟನ್ನು ಮಾತ್ರ ಸಾಕೀತು.

ಹಳೆಯ ಮಣ್ಣು ಬಿಸಾಡಿ, ಉಳಿದ ಬೇರು ಹಿಡಿಸುವಷ್ಟೇ ಕುಂಡ ತೆಗೆದುಕೊಳ್ಳಿ, ಮೊದಲಿನದಕ್ಕಿಂತ ಚಿಕ್ಕದಾದರೂ ಸರಿ. ದಪ್ಪ ಕಣ ಹೆಚ್ಚಿರುವ ಹೊಸ ಮಿಶ್ರಣದಲ್ಲಿ ನೆಟ್ಟು ಒಮ್ಮೆ ಪೂರ್ತಿ ನೀರು ಹಾಕಿ ಬಸಿಯಲು ಬಿಡಿ. ನೇರ ಬಿಸಿಲಿಲ್ಲದ, ಆದರೆ ಬೆಳಕಿರುವ ಕಡೆ ಇಟ್ಟು, ನಾಲ್ಕೈದು ತೂತು ಮಾಡಿದ ಪಾರದರ್ಶಕ ಚೀಲವನ್ನು ಸಡಿಲವಾಗಿ ಹೊದಿಸಿ; ಎಲೆಯಿಂದ ಹೋಗುವ ಆವಿ ಕಡಿಮೆಯಾಗುತ್ತದೆ. ಕನಿಷ್ಠ ನಾಲ್ಕು ವಾರ ಗೊಬ್ಬರ ಬೇಡ. ಜೋಲಿದ ಹಳೆಯ ಎಲೆಗಳು ಮತ್ತೆ ಎದ್ದು ನಿಲ್ಲದಿರಬಹುದು, ಒಂದೊಂದಾಗಿ ಉದುರಲೂಬಹುದು. ಅವನ್ನು ಲೆಕ್ಕಕ್ಕಿಡಬೇಡಿ, ಕುಡಿಯ ಮೊಗ್ಗನ್ನು ನೋಡಿ. ಅದು ಹಸಿರಾಗಿ ಗಟ್ಟಿಯಾಗಿ ಉಳಿದಿದ್ದರೆ ಕೆಳಗೆ ಬೇರು ಕೆಲಸ ಶುರುಮಾಡಿದೆ. ಮೊದಲ ಹೊಸ ಎಲೆ ಪೂರ್ತಿ ಬಿಚ್ಚಿದ ದಿನ ಚೀಲ ತೆಗೆಯಿರಿ, ಕುಂಡ ಎತ್ತಿ ನೋಡಿ, ಹಗುರವಾಗಿದ್ದರೆ ಮಾತ್ರ ನೀರು ಹಾಕಿ.